ನಡುಗಡ್ಡೆಯ ಸಾವುಕಾರ ಕಣಜಕ್ಕೆ ಬಂದದ್ದು

ಮಕ್ಕಳೇ, ಬಂಡೆಯ ಮೇಲೆ ಬಂಡೆ ಕೂತಿದ್ದ ಒಂದು ಕುರುಚಲು ಕಾಡು. ಕಾಡಿನ ನಡುವೆ ಒಂದು ಹೊಳೆ. ಈ ದಡದಲ್ಲಿ ಗವಿ, ಪೊಟರೆ, ಬಿಲ. ಪ್ರಾಣಿಗಳ ಮನೆಗಳೆಲ್ಲ ಇಲ್ಲೇ. ಆ ದಡದಲ್ಲಿ ಬಾರೆ, ಕಾರೆ, ನೇರಳೆ, ಸೀತಾಫಲ. ಅವುಗಳ ಊಟವೆಲ್ಲ ಅಲ್ಲೇ. ಮನೆಗೂ ಊಟಕ್ಕೂ ನಡುವೆ ಹೊಳೆ ಅಡ್ಡ ಮಲಗಿತ್ತು.

ಆ ಹೊಳೆಯಲ್ಲಿ ಹೊನ್ನೂರಪ್ಪ ಎಂಬ ನೀರುನಾಯಿ ಇದ್ದ. ಹರೆಯದಲ್ಲಿ ಅವನ ಹತ್ತಿರ ಇದ್ದದ್ದು ಒಂದೇ ಒಂದು ಹರಿಗೋಲು. ಹರಿಗೋಲೆಂದರೆ ಬಿದಿರಿನಿಂದ ಹೆಣೆದ ದುಂಡನೆಯ ದೋಣಿ. ನೋಡಲು ದೊಡ್ಡ ಬುಟ್ಟಿಯ ಹಾಗೆ. ಅದರಲ್ಲಿ ಮೊಲ, ಮುಂಗುಸಿ, ಅಳಿಲುಗಳನ್ನು ಕೂರಿಸಿ, ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಈಜುತ್ತಾ ಆ ದಡಕ್ಕೆ ಎಳೆದೊಯ್ಯುತ್ತಿದ್ದ. ಇಳಿಯುವಾಗ ಯಾರು ಏನು ಕೊಟ್ಟರೂ ತೆಗೆದುಕೊಳ್ಳುತ್ತಿದ್ದ. ಕೊಡಲು ಏನೂ ಇಲ್ಲದವರಿಗೆ, "ಇರಲಿ ಬಿಡಿ, ಮುಂದಿನ ಸಲ ನೋಡೋಣ" ಎನ್ನುತ್ತಿದ್ದ.

ದುಡಿಮೆ ಕೈ ಹಿಡಿಯಿತು. ಒಂದು ಹರಿಗೋಲು ಹತ್ತಾಯಿತು, ಹತ್ತು ಮೂವತ್ತಾಯಿತು. ನೀರುನಾಯಿಗಳ ಕೇರಿಗೆ ಕೇರಿಯೇ ಅವನ ಬಳಿ ಕೆಲಸಕ್ಕೆ ನಿಂತಿತು. ಹೊನ್ನೂರಪ್ಪ ಸಾವುಕಾರನಾದ. ಅಮ್ಮಂದಿರು ಮರಿಗಳಿಗೆ, "ಸೋಮಾರಿ! ಆ ಹೊನ್ನೂರಪ್ಪನನ್ನು ನೋಡಿ ಕಲಿ" ಎನ್ನುವಷ್ಟು ಅವನ ಹೆಸರು ಬೆಳೆಯಿತು.

ಆ ಕಾಡಿನಲ್ಲಿ ಒಂದು ಕಟ್ಟಳೆಯಿತ್ತು. ಸುಗ್ಗಿಯಲ್ಲಿ ಪ್ರತಿಯೊಂದು ಪ್ರಾಣಿಯೂ ತನ್ನ ಗಳಿಕೆಯ ಒಂದು ಪಾಲನ್ನು ದೊಡ್ಡ ಗವಿಯ ಕಣಜಕ್ಕೆ ಹಾಕಬೇಕು. ಕೆಟ್ಟ ಕಾಲ ಬಂದರೆ ಅದೇ ಎಲ್ಲರ ಹೊಟ್ಟೆ ಕಾಯುವುದು. ಗಾಳೆಮ್ಮ ಎಂಬ ಮುಳ್ಳುಹಂದಿ ಅಜ್ಜಿ ಆ ಕಣಜದ ಕಾವಲಿಗಿದ್ದಳು.

ಹೊನ್ನೂರಪ್ಪನೂ ಮೊದಮೊದಲು ಪಾಲು ಹಾಕುತ್ತಿದ್ದ. ಆಮೇಲೆ ಹೊಳೆಯ ನಡುಗಡ್ಡೆಯ ಮೇಲೆ ಮನೆ ಕಟ್ಟಿಸಿದ, ಉಗ್ರಾಣ ಕಟ್ಟಿಸಿದ, ಅಲ್ಲಿಗೇ ಹೋಗಿಬಿಟ್ಟ. ಮುಂದಿನ ಸುಗ್ಗಿಯಲ್ಲಿ ಗಾಳೆಮ್ಮ ಹೇಳಿಕಳಿಸಿದಾಗ, "ನಡುಗಡ್ಡೆ ಈ ದಡಕ್ಕೂ ಸೇರಿದ್ದಲ್ಲ, ಆ ದಡಕ್ಕೂ ಸೇರಿದ್ದಲ್ಲ. ನಿಮ್ಮ ಕಟ್ಟಳೆ ನನಗೇಕೆ?" ಎಂದು ಉತ್ತರ ಕೊಟ್ಟ.

ಅವನು ಕೆಟ್ಟವನೇನಲ್ಲ, ಮಕ್ಕಳೇ. ಮರಿಯಾಗಿದ್ದಾಗ ಎಷ್ಟೋ ದಿನ ಬರಿಹೊಟ್ಟೆಯಲ್ಲಿ ಮಲಗಿದ್ದ. ಆ ಹಸಿವು ಅವನ ಮನಸ್ಸಿನಿಂದ ಹೋಗಿರಲೇ ಇಲ್ಲ. ಉಗ್ರಾಣ ತುಂಬಿದಷ್ಟೂ, ಅದು ಬರಿದಾದರೆ ಗತಿಯೇನು ಎಂಬ ಭಯವೂ ತುಂಬುತ್ತಾ ಹೋಯಿತು.

ಒಂದು ವರ್ಷ ಶ್ರಾವಣದಲ್ಲಿ ಮೇಲಿನ ಬೆಟ್ಟಗಳಲ್ಲಿ ಮಳೆ ಹುಚ್ಚೆದ್ದು ಸುರಿಯಿತು. ಹೊಳೆ ಕೆಂಪಗೆ, ಬೋರಿಡುತ್ತಾ ಬಂತು. ಕಟ್ಟಿ ಹಾಕಿದ್ದ ಹರಿಗೋಲುಗಳು ಕೆಲವು ಕೊಚ್ಚಿಹೋದವು, ಉಳಿದವು ಬಂಡೆಗೆ ಬಡಿದು ಹರಿದವು. ಒಂದೇ ಒಂದು ನೆಟ್ಟಗೆ ಉಳಿಯಿತು. ದಾಟುವುದು ನಿಂತಿತು. ಕೆಸರು ನೀರಿನಲ್ಲಿ ಮೀನು ಕಾಣದೆ ನೀರುನಾಯಿಗಳೂ ಕೈಕಟ್ಟಿ ಕೂತವು. ವಾರವಾಯಿತು, ಹದಿನೈದು ದಿನವಾಯಿತು, ನೀರು ಇಳಿಯಲಿಲ್ಲ. ಗಾಳೆಮ್ಮ ಕಣಜ ತೆರೆದು ಎಲ್ಲರಿಗೂ ಅಳೆದು ಕೊಡತೊಡಗಿದಳು.

ನಡುಗಡ್ಡೆಯ ಮೇಲೆ ಹೊನ್ನೂರಪ್ಪನಿಗೆ ಚಿಂತೆ ಹತ್ತಿತು. ಹರಿಗೋಲುಗಳನ್ನು ಮತ್ತೆ ಹೆಣೆಸಬೇಕು. ಅದಕ್ಕೆ ಬಿದಿರು ಬೇಕು, ನೀರು ನುಗ್ಗದಂತೆ ಬಳಿಯಲು ಮೇಣ ಬೇಕು. ಕೆಲಸದವರಿಗೆ ಊಟ ಹಾಕಬೇಕು. ಉಗ್ರಾಣದ ಬಾಗಿಲಿನ ತನಕ ಹೋದ. ಅಗುಳಿಗೆ ಕೈ ಹಾಕಿದ. 'ಇದನ್ನು ಮುಟ್ಟಿದರೆ ನಾಳೆ ನನಗೇನು? ಕಷ್ಟಕಾಲಕ್ಕೆಂದೇ ಕಣಜ ಇದೆಯಲ್ಲ' ಎಂದುಕೊಂಡು ಕೈ ಹಿಂದೆಗೆದ.

ಮರುದಿನ ಬೆಳಿಗ್ಗೆ ಹೇಗೋ ಈಜಿ ದಡ ಸೇರಿದ. ದೊಡ್ಡ ಗವಿಯ ಮುಂದಿನ ಹಾಸುಬಂಡೆಯ ಮೇಲೆ ಎಲ್ಲರೂ ಸೇರಿದ್ದರು. ಹಿರಿಯನಾದ ಕರಡಿ ಜಂಬಯ್ಯ ನಡುವೆ ಕೂತಿದ್ದ.

"ಬನ್ನಿ ಸಾವುಕಾರ್ರೇ. ಏನು ಬಂದಿರಿ?" ಎಂದ ಜಂಬಯ್ಯ.

ಹೊನ್ನೂರಪ್ಪ ಮೀಸೆಯ ನೀರು ಒರೆಸಿಕೊಂಡ. "ಹಿರಿಯರೇ, ನನ್ನ ಹರಿಗೋಲುಗಳು ಹಾಳಾದವು. ನನ್ನ ಆಳುಗಳ ಮಕ್ಕಳು ಉಪವಾಸ ಇದ್ದಾರೆ. ಕಣಜದಿಂದ ನನಗೆ ಸಹಾಯ ಆಗಬೇಕು. ನಾನು ನಿಂತರೆ ನೀವೆಲ್ಲ ಆ ದಡ ಕಾಣುವುದು ಹೇಗೆ, ಹೇಳಿ!"

ನರಿ ದುರುಗಣ್ಣ ಚಂಗನೆ ಎದ್ದು ನಿಂತ. "ಚೆನ್ನಾಗಿದೆ ನ್ಯಾಯ! ಕೈ ತುಂಬಿದಾಗ ನಡುಗಡ್ಡೆ ಯಾರದ್ದೂ ಅಲ್ಲ. ಕೈ ಬರಿದಾದಾಗ ಕಣಜ ಎಲ್ಲರದ್ದೂ!"

ಎಲ್ಲರೂ ಗೊಳ್ಳೆಂದು ನಕ್ಕರು.

"ನಗಬೇಡಿ," ಎಂದಳು ಮೊಲ ಚೌಡಕ್ಕ. "ನನ್ನ ಮರಿಗಳನ್ನು ಎಷ್ಟೋ ಸಲ ಸುಮ್ಮನೆ ದಾಟಿಸಿದ್ದಾರೆ ಇವರು. ಹರಿಗೋಲು ಇಲ್ಲದಿದ್ದರೆ ನೀರು ಇಳಿದ ಮೇಲೂ ನಾವು ಇಲ್ಲೇ ಕೂರಬೇಕು."

"ಸುಮ್ಮನೆ ದಾಟಿಸಿದ್ದು ಯಾವ ಕಾಲದಲ್ಲಿ ಚೌಡಕ್ಕಾ? ಈಗ ಅರ್ಧ ಬುಟ್ಟಿ ಹಣ್ಣು ಕೊಡದೆ ಹತ್ತಿಸುತ್ತಾರಾ?" ಎಂದಿತು ಅಳಿಲು.

ಗದ್ದಲ ಹೆಚ್ಚಿತು. ಜಂಬಯ್ಯ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ ಕೇಳಿದ: "ಸಾವುಕಾರ್ರೇ, ನಿಮ್ಮ ಉಗ್ರಾಣದಲ್ಲಿ ಏನೂ ಇಲ್ಲವಾ?"

ಹೊನ್ನೂರಪ್ಪನ ಬಾಯಿಂದ ಥಟ್ಟನೆ ಬಂದುಬಿಟ್ಟಿತು. "ಏನೂ ಉಳಿದಿಲ್ಲ. ಎಲ್ಲ ನೀರುಪಾಲು."

ಹಾಗೆಂದದ್ದೇ ತಡ, ಹೊಳೆಯ ಕಡೆಯಿಂದ ಗಾಳಿ ಬೀಸಿತು. ಜಂಬಯ್ಯನ ಮೂಗು ಅರಳಿತು. ಮುಂಗುಸಿಯ ಮೂಗು ಅರಳಿತು. ನರಿಯ ಮೂಗು ಆಗಲೇ ನಡುಗಡ್ಡೆಯ ಕಡೆಗೆ ತಿರುಗಿತ್ತು.

"ಒಣಮೀನು," ಎಂದ ದುರುಗಣ್ಣ.

"ಗೆಣಸು," ಎಂದಿತು ಹೆಗ್ಗಣ.

"ಜೇನುತುಪ್ಪ. ಒಂದಲ್ಲ, ಎರಡಲ್ಲ, ಕೊಡಗಟ್ಟಲೆ," ಎಂದ ಜಂಬಯ್ಯ ಮೆಲ್ಲಗೆ.

ಮನುಷ್ಯರ ಸಭೆಯಾಗಿದ್ದರೆ ಆ ಸುಳ್ಳು ನಡೆದುಬಿಡುತ್ತಿತ್ತೋ ಏನೋ. ಮೂಗಿನಿಂದಲೇ ಬದುಕುವವರ ಮುಂದೆ ನಡೆಯುವುದುಂಟೇ? "ಕಳ್ಳ!" "ಹೊಳೆಗೆ ನೂಕಿ!" ಎಂದು ಕೂಗಿದರು. ಹೊನ್ನೂರಪ್ಪನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಗುಂಪಿನಲ್ಲಿ ತನ್ನ ಕೆಲಸದವಳು ಹುಲಿಗೆವ್ವ ಮರಿಯನ್ನು ಅವಚಿಕೊಂಡು ನಿಂತದ್ದು ಕಂಡಿತು. ಅವಳು ಕೂಗಲಿಲ್ಲ. ತಲೆ ತಗ್ಗಿಸಿದಳು, ಅಷ್ಟೇ. ಎಲ್ಲರ ಬೈಗುಳಕ್ಕಿಂತ ಅದೇ ಅವನಿಗೆ ಹೆಚ್ಚು ನಾಟಿತು.

ಆಗ ಗಾಳೆಮ್ಮ ಮುಳ್ಳುಗಳನ್ನು ಝಲ್ಲೆನಿಸುತ್ತಾ ಎದ್ದಳು. ಎಲ್ಲರೂ ದಾರಿ ಬಿಟ್ಟರು.

"ಬಾ ಹೊನ್ನೂರಾ," ಎಂದಳು. ಸಾವುಕಾರ ಎನ್ನಲಿಲ್ಲ. "ಕಣಜದ ಬಾಗಿಲು ಯಾರಿಗೂ ಮುಚ್ಚಿಲ್ಲ. ಒಳಗೆ ಬಂದು ನಿನಗೆಷ್ಟು ಬೇಕೋ ನೀನೇ ತಗೋ."

ಹೊನ್ನೂರಪ್ಪ ಅವಳ ಹಿಂದೆ ಗವಿಯೊಳಗೆ ಹೋದ. ದೊಡ್ಡ ರಾಶಿಗಳೇನೂ ಇರಲಿಲ್ಲ. ಅಲ್ಲಲ್ಲಿ ಪುಟ್ಟ ಪುಟ್ಟ ಗುಪ್ಪೆಗಳು.

"ಇದು ಇರುವೆಗಳು ಹಾಕಿದ್ದು," ಎಂದಳು ಗಾಳೆಮ್ಮ. "ಇದು ಕಾಲು ಮುರಿದ ಟಿಟ್ಟಿಭ ಹಕ್ಕಿಯದ್ದು. ಹಾರಲಾಗದು, ಕುಂಟುತ್ತಾ ಬಂದು ಹಾಕಿ ಹೋಯಿತು. ಇನ್ನು ನಾಲ್ಕು ದಿನಕ್ಕೆ ಸಾಕಾದರೆ ಹೆಚ್ಚು. ತಗೋ ಮಗನೇ."

ಮೂಲೆಯಲ್ಲಿ ಮುತ್ತುಗದೆಲೆಯ ಮೇಲೆ ಒಂದಿಷ್ಟು ಒಣಮೀನು ಇತ್ತು. ಹೊನ್ನೂರಪ್ಪ ಬೆರಗಾದ. "ಅಜ್ಜಿ, ಇದು ನಮ್ಮವರು ಒಣಗಿಸುವ ರೀತಿ. ಇದನ್ನು ಯಾರು ಹಾಕಿದರು?"

"ನಿನ್ನ ಹುಲಿಗೆವ್ವ. ನಿನ್ನ ಕೆಲಸದವರೆಲ್ಲ ತಮಗೆ ಸಿಕ್ಕಿದ್ದರಲ್ಲೇ ಪ್ರತಿ ಸುಗ್ಗಿಗೆ ಪಾಲು ಹಾಕುತ್ತಾರೆ. ಅದಕ್ಕೇ ಅವರ ಮಕ್ಕಳು ಉಪವಾಸ ಇಲ್ಲ. ಅವರು ಇಷ್ಟು ದಿನ ಇಲ್ಲೇ ಉಂಡಿದ್ದಾರೆ. ನಿನಗೆ ಗೊತ್ತಿರಲಿಲ್ಲವೇ?"

ಗೊತ್ತಿರಲಿಲ್ಲ. ಅವರ ಹೆಸರು ಹೇಳಿ ಕೇಳಲು ಬಂದಿದ್ದ; ಅವರು ಏನು ತಿನ್ನುತ್ತಿದ್ದಾರೆಂದು ಮಾತ್ರ ಒಮ್ಮೆಯೂ ಕೇಳಿರಲಿಲ್ಲ. ತೆಗೆದುಕೊಳ್ಳಲೆಂದು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ.

"ಅಜ್ಜಿ, ನನಗೆ ಹಸಿವೆಂದರೆ ಬಹಳ ಭಯ," ಎಂದ. ಯಾರ ಮುಂದೆಯೂ ಆಡದ ಮಾತು ಅದು.

"ಯಾರಿಗಿಲ್ಲ ಮಗನೇ?" ಗಾಳೆಮ್ಮ ಮುಳ್ಳು ತಗ್ಗಿಸಿ ಅವನ ಪಕ್ಕದಲ್ಲಿ ಕೂತಳು. "ಅದಕ್ಕೇ ತಾನೇ ಎಲ್ಲರೂ ಸೇರಿ ಇದನ್ನು ಮಾಡಿಕೊಂಡದ್ದು."

ಹೊನ್ನೂರಪ್ಪ ಬರಿಗೈಯಲ್ಲಿ ಹೊರಬಂದ. ಯಾರನ್ನೂ ನೋಡದೆ ನೆಟ್ಟಗೆ ಹೊಳೆಗೆ ಧುಮುಕಿದ. "ಓಡಿಹೋದ!" ಎಂದ ದುರುಗಣ್ಣ.

ಓಡಿಹೋಗಿರಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ನಡುಗಡ್ಡೆಯಿಂದ ಆ ಉಳಿದ ಹರಿಗೋಲು ಹೊರಟಿತು. ಅದರ ತುಂಬ ಒಣಮೀನು, ಗೆಣಸು, ಒಣಹಣ್ಣು, ಜೇನಿನ ಕೊಡಗಳು. ಮುಂದೆ ಹೊನ್ನೂರಪ್ಪ, ಹೆಗಲಿಗೆ ಹಗ್ಗ. ಎಷ್ಟೋ ವರ್ಷಗಳಿಂದ ಅವನು ಹಗ್ಗ ಹಿಡಿದಿರಲಿಲ್ಲ. ಮೈ ಕೊಬ್ಬಿತ್ತು, ಉಸಿರು ಸಾಲದು. ನಡುಹೊಳೆಯಲ್ಲಿ ಸೆಳವು ಹರಿಗೋಲನ್ನು ಗಿರ್ರನೆ ತಿರುಗಿಸಿತು. ಹಗ್ಗ ಹೆಗಲನ್ನು ಕೊಯ್ದಿತು. ಅವನ ತಲೆ ಒಮ್ಮೆ ಮುಳುಗಿ ಎದ್ದಿತು, ಮತ್ತೆ ಮುಳುಗಿತು.

"ಹಗ್ಗ ಬಿಡಿ! ಜೀವ ಉಳಿಸಿಕೊಳ್ಳಿ!" ಎಂದು ದಡದಿಂದ ಕೂಗಿದಳು ಹುಲಿಗೆವ್ವ.

ಅವನು ಬಿಡಲಿಲ್ಲ. ಹುಲಿಗೆವ್ವ ಮರಿಯನ್ನು ಚೌಡಕ್ಕನ ಕೈಗಿತ್ತು ನೀರಿಗೆ ಹಾರಿದಳು. ಅವಳ ಹಿಂದೆ ಒಬ್ಬೊಬ್ಬರಾಗಿ ನೀರುನಾಯಿಗಳ ಕೇರಿಯೆಲ್ಲ ಹಾರಿತು. ಹಗ್ಗಕ್ಕೆ ಇಪ್ಪತ್ತು ಹೆಗಲು ಸೇರಿದವು. ದಡ ಹತ್ತಿರವಾದಾಗ ಜಂಬಯ್ಯ ಸೊಂಟದ ಮಟ್ಟ ನೀರಿಗಿಳಿದು ಹರಿಗೋಲನ್ನು ಎಳೆದುಕೊಂಡ.

ಹೊನ್ನೂರಪ್ಪ ಕೆಸರಿನಲ್ಲಿ ಬಿದ್ದುಕೊಂಡೇ ಹೇಳಿದ: "ನಾನು ಸುಳ್ಳು ಹೇಳಿದೆ. ಇನ್ನೂ ಇದೆ ಅಲ್ಲಿ. ಎಲ್ಲ ಕಣಜಕ್ಕೆ."

ಆ ದಾಸ್ತಾನೇ ಕಾಡಿನ ಜೀವ ಉಳಿಸಿತು. ನೀರು ಇಳಿಯಲು ಇನ್ನೂ ಮೂರು ವಾರ ಹಿಡಿಯಿತು. ಅಷ್ಟರೊಳಗೆ, ಯಾರೂ ಕೇಳದಿದ್ದರೂ, ಜಂಬಯ್ಯ ಮೇಣ ತಂದ. ಹೆಗ್ಗಣಗಳು ಬಿದಿರು ಕಡಿದು ತಂದವು. ಗಾಳೆಮ್ಮ ತನ್ನ ಉದುರಿದ ಮುಳ್ಳುಗಳನ್ನು ಹರಿಗೋಲು ಹೊಲಿಯುವ ದಬ್ಬಳ ಮಾಡಿಕೊಳ್ಳಲು ಕೊಟ್ಟಳು. ಹಾಸುಬಂಡೆಯ ಮೇಲೆ ಹೊಸ ಹರಿಗೋಲುಗಳು ಒಂದೊಂದಾಗಿ ಮೂಡಿದವು.

ಒಂದು ಸಂಜೆ ಗವಿಯ ಮುಂದೆ ಊಟದ ಸಾಲು ನಿಂತಿತ್ತು. ಹೊನ್ನೂರಪ್ಪನೂ ಬಂದು ಎಲ್ಲರಿಗಿಂತ ಹಿಂದೆ ನಿಂತ. ಅವನ ಮುಂದೆ ಇದ್ದವನು ದುರುಗಣ್ಣ. ತಿರುಗಿ ನೋಡಿದ.

"ಏನು ಸಾವುಕಾರ್ರೇ, ನಿಮಗೂ ಹಸಿವಾ?"

"ಹೌದಪ್ಪ," ಎಂದ ಹೊನ್ನೂರಪ್ಪ.

ದುರುಗಣ್ಣನ ನಾಲಿಗೆಯ ತುದಿಯಲ್ಲಿ ಇನ್ನೊಂದು ಕೊಂಕು ಮಾತು ಸಿದ್ಧವಾಗಿತ್ತು. ಅಷ್ಟರಲ್ಲಿ ಹನಿ ಉದುರತೊಡಗಿತು. ಹೊನ್ನೂರಪ್ಪನ ಹೆಗಲ ಮೇಲಿನ ಹಗ್ಗದ ಗಾಯ ಇನ್ನೂ ಹಸಿಯಾಗಿಯೇ ಇತ್ತು. ದುರುಗಣ್ಣ ಅದನ್ನು ನೋಡಿದ. ಆ ಮಾತನ್ನು ನುಂಗಿಕೊಂಡು, ಬಂಡೆಯ ಮರೆಯಲ್ಲಿ ಒಂದಿಷ್ಟು ಸರಿದು ನಿಂತ.

"ಅಲ್ಲಿ ಯಾಕೆ ನೆನೆಯುತ್ತೀರಿ? ಬನ್ನಿ, ಹತ್ತಿರ ಬನ್ನಿ. ಇಬ್ಬರಿಗೂ ಜಾಗ ಆಗುತ್ತದೆ."

ನೀತಿ: ನಾಲ್ವರ ಮುಂದೆ ಕೈ ಚಾಚುವ ಮೊದಲು ನಮ್ಮ ಮುಷ್ಟಿ ಬಿಚ್ಚಬೇಕು, ಮುಷ್ಟಿ ಬಿಚ್ಚಿ ಬಂದವನನ್ನು ನಾಲ್ವರೂ ಹತ್ತಿರ ಕರೆಯಬೇಕು.