ದಿವಾನರ ಪೇಟ, ಮಾಚವ್ವನ ತಲೆ

"ನಮ್ಮ ರಾಜ್ಯದಲ್ಲಿ ಯೋಗ್ಯತೆ ಇದ್ದವರು ಯಾರು ಬೇಕಾದರೂ ಮೇಲೆ ಬರಬಹುದು," ಎಂದು ಬಿಲ್ಲೂರಿನ ದೊರೆ ಡಂಗುರ ಸಾರಿಸಿದ. ಅರಮನೆಯ ಪತ್ರ ಬರೆಯುವ ಕೆಲಸ ಖಾಲಿಯಿತ್ತು. ದಸರೆಯ ಒಡ್ಡೋಲಗದಲ್ಲಿ ಪರೀಕ್ಷೆ. ಗೆದ್ದವರಿಗೆ ಕೆಲಸ.

ಮಡಿವಾಳರ ಮಾಚವ್ವ ಯಾರ ಬಟ್ಟೆ ಯಾರದೆಂದು ಗುರುತು ಹಾಕುತ್ತಲೇ ಅಕ್ಷರ ಕಲಿತವಳು. ಊರಿನವರ ಓಲೆಗಳನ್ನೆಲ್ಲ ಅವಳೇ ಬರೆದುಕೊಡುತ್ತಿದ್ದಳು. ಬಟ್ಟೆ ಒಯ್ಯಲು ದಿವಾನ ವೀರಪ್ಪಯ್ಯನವರ ಹಿತ್ತಲಿಗೆ ಹೋದಾಗ ಕೇಳಿಯೇಬಿಟ್ಟಳು.

"ಪರೀಕ್ಷೆಗೆ ನಾನೂ ಬರಲಾ ಬುದ್ಧಿ?"

ಆ ಕೆಲಸವನ್ನು ಅಳಿಯನಿಗೆಂದು ಎತ್ತಿಟ್ಟಿದ್ದ ದಿವಾನರು ಮೀಸೆ ತಿರುವಿದರು. "ಬಾರಮ್ಮ, ಯಾರು ಬೇಡ ಅಂದರು? ಆದರೆ ಈ ಸಲದಿಂದ ಹೊಸ ಕಟ್ಟಳೆ. ಜರಿ ಪೇಟ ಇಲ್ಲದವರು ಸಭೆಯ ಹೊಸ್ತಿಲು ದಾಟುವಂತಿಲ್ಲ."

"ಪೇಟ ಎಲ್ಲಿ ಸಿಗುತ್ತೆ?"

"ಅರಮನೆ ಕೊಡುತ್ತೆ. ಅರಮನೆ ಕೆಲಸದಲ್ಲಿ ಇರೋರಿಗೆ."

"ಕೆಲಸ?"

"ಸಭೆಯಲ್ಲಿ ಸಿಗುತ್ತೆ."

ಮಾತು ಗಾಣದ ಎತ್ತಿನ ಹಾಗೆ ಸುತ್ತಿ ಹೊರಟಲ್ಲಿಗೇ ಬಂತು. ಮಾಚವ್ವ ಬಟ್ಟೆಗಳನ್ನು ಬುಟ್ಟಿಗೆ ತುಂಬತೊಡಗಿದಳು. ದಿವಾನರು ತಮ್ಮ ಪೇಟವನ್ನು ಅವಳ ಬುಟ್ಟಿಗೆ ಎಸೆದರು. "ಏಳು ತಲೆಮಾರಿನ ಬುದ್ಧಿ ಇಳಿದಿರೋ ಪೇಟ ಇದು. ಹಬ್ಬಕ್ಕೆ ಚೆನ್ನಾಗಿ ಒಗೆದು ತಾ. ಕೈಗೆ ಕೊಡಬೇಡ, ಪದ್ಧತಿ ಗೊತ್ತಲ್ಲ?"

ಗೊತ್ತಿಲ್ಲದೆ ಏನು. ಅವಳ ಕೈ ತಾಕಬಾರದೆಂದು ದಿವಾನರೇ ಮಾಡಿದ ಪದ್ಧತಿ. ದಸರೆಗೆ ಸಭಿಕರೆಲ್ಲರ ಪೇಟಗಳೂ ಅವಳ ಮನೆಗೆ ಬರುತ್ತಿದ್ದವು. ಒಗೆದವನ್ನು ಸಭೆಯೊಳಗೆ ಅವರವರ ಪೀಠದ ಮೇಲೆ ಇಡಬೇಕು. ಅವರು ಬರಿತಲೆಯಲ್ಲಿ ಬಂದು ತಾವೇ ಎತ್ತಿ ಸುತ್ತಿಕೊಳ್ಳಬೇಕು. ಮನೆಗೆ ಹೋಗುವ ದಾರಿಯಲ್ಲಿ ಮಾಚವ್ವನಿಗೆ ನಗು ತಡೆಯಲಾಗಲಿಲ್ಲ.

ದಸರೆಯ ಬೆಳಿಗ್ಗೆ ಅವಳು ತಲೆಗೊಂದು ಪೇಟ ಸುತ್ತಿ, ಉಳಿದವನ್ನು ಬುಟ್ಟಿಯಲ್ಲಿ ಹೊತ್ತು ಬಂದಳು. ಕಾವಲಿನ ಭರಮಣ್ಣ ಬೆಪ್ಪಾದ.

"ಯಾರ ಪೇಟವೇ ಅದು?"

"ಪೇಟ ಇರಬೇಕು ಅಂತ ಅಪ್ಪಣೆಯೋ, ಸ್ವಂತದ್ದೇ ಇರಬೇಕು ಅಂತಲೋ ಭರಮಣ್ಣ?"

ಭರಮಣ್ಣ ತಲೆ ಕೆರೆದುಕೊಂಡು ದಾರಿ ಬಿಟ್ಟ. ಮಾಚವ್ವ ಪೇಟಗಳನ್ನು ಪೀಠಗಳ ಮೇಲಿಟ್ಟು ಪರೀಕ್ಷೆಯ ಮಣೆಯ ಮುಂದೆ ಕೂತಳು.

ಆಮೇಲೆ ಸಭಿಕರು ಬಂದರು. ಭರಮಣ್ಣ ಈಟಿ ಅಡ್ಡ ಹಿಡಿದ.

"ಪೇಟ ಇಲ್ಲದೆ ಬಿಡೋ ಹಾಗಿಲ್ಲ ಬುದ್ಧಿ."

"ಪೇಟ ಒಳಗಿದೆಯಲ್ಲೋ," ಎಂದರು ದಿವಾನರು.

"ಹಾಗಾದರೆ ಹಾಕ್ಕೊಂಡು ಒಳಗೆ ಬನ್ನಿ."

"ಮಾಚವ್ವಾ, ಪೇಟ ಇತ್ತ ಕೊಡೇ."

"ಕೈಗೆ ಕೊಡಬಾರದು ಬುದ್ಧಿ," ಎಂದಳು ಒಳಗಿಂದ. "ಪದ್ಧತಿ."

ಒಳಬಾಗಿಲಿಂದ ದೊರೆ ಬಂದು ನೋಡುತ್ತಾನೆ: ಸಭೆಯೆಲ್ಲ ಖಾಲಿ. ಪೀಠಗಳ ಮೇಲೆ ಬರೀ ಪೇಟಗಳು, ನಡುವೆ ಒಬ್ಬಳು ಹುಡುಗಿ. ಹೊರಬಾಗಿಲಲ್ಲಿ ಬರಿತಲೆಗಳ ಸಂತೆ. ಮಾಚವ್ವ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ದೊರೆ ಒಂದು ಪತ್ರ ಹೇಳಿದ. ಅವಳು ಒಂದಕ್ಷರ ತಪ್ಪದೆ ಬರೆದಳು. ಹೊರಗೆ ದಿವಾನರ ಅಳಿಯ ಬಿಸಿಲಲ್ಲಿ ತಲೆ ಸವರಿಕೊಳ್ಳುತ್ತಿದ್ದ.

"ಕೆಲಸ ಇವಳಿಗೆ," ಎಂದ ದೊರೆ. "ಪೇಟದ ಕಟ್ಟಳೆ ರದ್ದಾಯಿತೆಂದು ನಿನ್ನ ಕೈಯಲ್ಲೇ ಬರಿಯಮ್ಮ. ಇಲ್ಲದಿದ್ದರೆ ಇವರು ಸಂಜೆತನಕ ಅಲ್ಲೇ."

ಭರಮಣ್ಣ ಈಟಿ ಸರಿಸಿದ್ದೇ ದಿವಾನರು ಒಳಗೆ ನುಗ್ಗಿದರು. "ಪ್ರಭು, ಅವಳ ತಲೆ ಮೇಲಿರೋದು ನನ್ನ ಪೇಟ. ನಮ್ಮ ವಂಶದ ಬುದ್ಧಿಯನ್ನೇ ಕದ್ದುಕೊಂಡಿದ್ದಾಳೆ."

ಮಾಚವ್ವ ಪೇಟ ಬಿಚ್ಚಿ, ಮಡಿಸಿ, ದಿವಾನರ ಪೀಠದ ಮೇಲೆ ಮೆಲ್ಲಗೆ ಇಟ್ಟಳು.

"ಮೂರು ಸಲ ಒಗೆದೆ ಬುದ್ಧಿ. ಎಣ್ಣೆ ಜಿಡ್ಡು ಬಿಟ್ಟು ಬೇರೇನೂ ಹೊರಬರಲಿಲ್ಲ."