ಬರೀ ನೀರಿನ ಬಟ್ಟಲು

"ಸಾರ್, ಎಲ್ಲರಿಗೂ ಬ್ಲೀಚು, ನನಗೆ ಮಾತ್ರ ಬರೀ ನೀರು ಯಾಕೆ?" ಎಂದು ಗಾದಿಲಿಂಗ ಕೇಳಿದ.

ವಿಜ್ಞಾನದ ಎರ್ರಿಸ್ವಾಮಿ ಮೇಷ್ಟ್ರು ಅವತ್ತು ತಮ್ಮದೇ ಹಳೇ ಜೀನ್ಸ್ ಪ್ಯಾಂಟನ್ನು ಕತ್ತರಿಸಿ ತಂದಿದ್ದರು. ಮೇಜಿನ ಮೇಲೆ ಸಾಲಾಗಿ ಬಟ್ಟಲುಗಳು. ಒಂದರಲ್ಲಿ ತುಸು ಬ್ಲೀಚು, ಮುಂದಿನದರಲ್ಲಿ ಇನ್ನಷ್ಟು, ಅದರಾಚೆಯದರಲ್ಲಿ ಮೂಗು ಮುಚ್ಚಿಕೊಳ್ಳುವಷ್ಟು. ಪ್ರತಿಯೊಂದರಲ್ಲೂ ಒಂದೊಂದು ತುಂಡು ಜೀನ್ಸ್. ಬ್ಲೀಚು ಹೆಚ್ಚಿದಂತೆ ನೀಲಿ ಎಷ್ಟು ಇಳಿಯುತ್ತದೆಂದು ಗಂಟೆ ಹೊಡೆಯುವುದರೊಳಗೆ ಕ್ಲಾಸು ಹೇಳಬೇಕಿತ್ತು. ಕೊನೆಯ ಬಟ್ಟಲಲ್ಲಿ ಬರೀ ನೀರು. ಅದರ ಕಾವಲಿಗೆ ಗಾದಿಲಿಂಗ.

"ಇವರ ತುಂಡೆಲ್ಲ ಬೆಳ್ಳಗಾಗ್ತಾ ಇದೆ ಸಾರ್. ನನ್ನದು ಕೆರೇಲಿ ಕೂತ ಎಮ್ಮೆ. ಏನೂ ಆಗದ್ದನ್ನ ಕಾಯೋಕೆ ನಾನೇ ಬೇಕಿತ್ತಾ?"

ಕ್ಲಾಸು ನಕ್ಕಿತು. ಗಾದಿಲಿಂಗ ನಗಲಿಲ್ಲ. ಬೇರೆ ಯಾವ ಕೆಲಸಕ್ಕೂ ಬಾರದವನೆಂದೇ ತನಗೆ ನೀರು ಕೊಟ್ಟಿದ್ದಾರೆ ಎಂದು ಅವನು ನಂಬಿದ್ದ. ಆದ್ದರಿಂದ ಅವನ ಬೆನ್ನ ಹಿಂದಿನ ಕೈಯಲ್ಲಿ ಬ್ಲೀಚು ತುಂಬಿದ ಮುಚ್ಚಳವೊಂದಿತ್ತು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿದರೆ ಸಾಕು, ನೀರಿನ ಬಟ್ಟಲಿಗೆ ಸುರಿಯುವುದು. ಬರೀ ನೀರಲ್ಲೂ ಜೀನ್ಸ್ ಬೆಳ್ಳಗಾಯಿತೆಂದು ಕೂಗುವುದು.

ಮೇಷ್ಟ್ರು ತಿರುಗಲಿಲ್ಲ. ಸ್ಟೂಲ್ ಎಳೆದು ಕೂತರು. ಅವರು ಬೈದದ್ದನ್ನು ನಾವು ಯಾರೂ ಕಂಡಿಲ್ಲ, ಕತೆ ಹೇಳುತ್ತಾರೆ. ಬೈಗುಳವಾದರೆ ಸ್ಕೂಲಿನ ಗೇಟಿನಲ್ಲೇ ಬಿಟ್ಟು ಹೋಗಬಹುದು. ಅವರ ಕತೆ ಮನೆಯವರೆಗೂ ಹಿಂದೆಯೇ ಬರುತ್ತದೆ.

ಒಬ್ಬ ಜೀನ್ಸ್ ತೊಳೆಯುವವನಿದ್ದ, ಎಂದರು ಮೇಷ್ಟ್ರು. ತೊಟ್ಟಿಯಲ್ಲಿ ಬ್ಲೀಚು ಕಲಸಿ, ಕಡು ನೀಲಿ ಪ್ಯಾಂಟುಗಳನ್ನು ತಿಳಿ ನೀಲಿ ಮಾಡಿಕೊಡುವುದು ಅವನ ಕೆಲಸ. ಬ್ಲೀಚು ಜಾಸ್ತಿಯಾದರೆ ಬಟ್ಟೆ ಬೇಗ ಬೆಳ್ಳಗಾಗುತ್ತದೆ, ಬೇಗ ಹರಿದೂ ಹೋಗುತ್ತದೆ. ಅವನು ಹದವಾಗಿ ಹಾಕಿ ಕಾಯುತ್ತಿದ್ದ. ಪ್ರತಿ ಸಲವೂ ಅದೇ ಬಟ್ಟೆಯ ಒಂದು ತುಂಡನ್ನು ತೊಳೆಯದೆ ಗೋಡೆಯ ಮೊಳೆಗೆ ಸಿಕ್ಕಿಸುತ್ತಿದ್ದ.

ಒಂದು ದಿನ ಅವನ ಹೆಂಡತಿ ಆ ತುಂಡನ್ನು ನೋಡಿದಳು. ಪಾಪ, ಗಂಡ ಇದೊಂದನ್ನು ಮರೆತಿದ್ದಾನೆ ಎಂದುಕೊಂಡಳು. ಗಟ್ಟಿ ಬ್ಲೀಚಿನಲ್ಲಿ ಅದ್ದಿ, ಒಣಗಿಸಿ, ಅದೇ ಮೊಳೆಗೆ ಸಿಕ್ಕಿಸಿದಳು.

ಮರುದಿನ ವ್ಯಾಪಾರಿ ಬಂದ. ಪ್ಯಾಂಟುಗಳನ್ನು ಬೀದಿಯಲ್ಲೇ ಹರವಿ ಕೂಗಿದ. "ಬಣ್ಣ ಎಲ್ಲಯ್ಯಾ ಇಳಿದಿದೆ? ಕೊಟ್ಟ ಹಾಗೇ ವಾಪಸ್ ಕೊಡ್ತಿದ್ದೀಯ. ಈ ಬೀದೀಲಿ ಇನ್ನು ಯಾರೂ ನಿನಗೆ ಬಟ್ಟೆ ಕೊಡದ ಹಾಗೆ ಮಾಡ್ತೀನಿ ನೋಡು."

"ಕೂಗಾಡಬೇಡಿ ಸಾವ್ಕಾರ್ರೇ. ತೊಳೆಯದ ತುಂಡು ಒಳಗಿದೆ, ಪಕ್ಕದಲ್ಲಿಟ್ಟು ನೋಡೋಣ ಬನ್ನಿ."

ಇಬ್ಬರೂ ಒಳಗೆ ಹೋದರು. ಮೊಳೆಯಲ್ಲಿ ಹಾಲಿನಂಥ ಬಟ್ಟೆ ನೇತಾಡುತ್ತಿತ್ತು. ವ್ಯಾಪಾರಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಇದೇನೋ ಮೊದಲಿನ ಬಣ್ಣ? ಹಾಗಾದ್ರೆ ನೀನು ನನ್ನ ಪ್ಯಾಂಟಿಗೆ ನೀಲಿ ಬಳಿದಿದ್ದೀಯ!"

ತೊಳೆಯುವವನು ಆ ತುಂಡನ್ನು ಮೊಳೆಯಿಂದ ತೆಗೆದು ತಿರುಗಿಸಿ ನೋಡಿದ. ಅವನು ಕೆಲಸ ಮಾಡಿದ್ದ. ಮಾಡಿದ್ದನ್ನು ತೋರಿಸಲು ಅವನ ಬಳಿ ಏನೂ ಉಳಿದಿರಲಿಲ್ಲ.

ಹೆಂಡತಿಗೆ ತಾನು ಮಾಡಿದ್ದೇನೆಂದು ಆಗ ತಿಳಿಯಿತು. ಅವಳು ಅಳುತ್ತ ಕೂರಲಿಲ್ಲ. ಬೀದಿಗೆ ಬಂದು ಒಂದು ಪ್ಯಾಂಟು ಎಳೆದುಕೊಂಡು, ಕಾಲಿನ ತುದಿಯ ಮಡಿಕೆಯ ಹೊಲಿಗೆ ಬಿಚ್ಚಿದಳು. ಬ್ಲೀಚು ಸರಿಯಾಗಿ ನುಗ್ಗದ ಆ ಮಡಿಕೆಯೊಳಗೆ ಕಡು ನೀಲಿ ಹಾಗೇ ಕೂತಿತ್ತು. ಹೊರಗಿನದು ಎಷ್ಟು ತಿಳಿಯಾಗಿದೆಯೆಂದು ಬೀದಿಗೆಲ್ಲ ಕಂಡಿತು. ವ್ಯಾಪಾರಿ ಪ್ಯಾಂಟುಗಳನ್ನು ಗಂಟು ಕಟ್ಟಿದ.

"ಅವತ್ತಿನಿಂದ ಆ ಮೊಳೆಗೆ ಅವಳದೇ ಕಾವಲು," ಎಂದರು ಮೇಷ್ಟ್ರು. "ಗಂಡನಿಗೂ ಮುಟ್ಟಲು ಬಿಡುತ್ತಿರಲಿಲ್ಲ."

ಅಷ್ಟರಲ್ಲಿ ಗಾದಿಲಿಂಗನ ಕೈ ಜೋಮು ಹಿಡಿದಿತ್ತು. ಮುಚ್ಚಳ ಸ್ವಲ್ಪ ಅಲುಗಿದರೂ ಅವನ ಪ್ಯಾಂಟಿನ ಮೇಲೇ ಪ್ರಯೋಗ. ಆದರೂ ಬಾಯಿ ಸುಮ್ಮನಿರಲಿಲ್ಲ.

"ಹಾಗಾದ್ರೆ ಈ ನೀರಿನ ತುಂಡು ಕೆಟ್ಟರೆ ಎಲ್ಲರ ಪ್ರಯೋಗವೂ ಕೆಟ್ಟ ಹಾಗಾ ಸಾರ್?"

"ಹೌದಪ್ಪಾ."

"ಅಂಥದ್ದನ್ನ ಹೋಗಿ ಹೋಗಿ ನನ್ನ ಕೈಗೆ ಕೊಟ್ರಾ?"

ವರ್ಷವಿಡೀ ಯಾರಿಂದಲೂ ಮುಚ್ಚಿಸಲಾಗದ ಆ ಬಾಯನ್ನು ಮೇಷ್ಟ್ರು ಒಂದೇ ಮಾತಿನಲ್ಲಿ ಮುಚ್ಚಿಸಿದರು:

"ಇದನ್ನು ಕೆಡಿಸುವ ದಾರಿಗಳೆಲ್ಲ ಗೊತ್ತಿರುವವನು ಈ ಕ್ಲಾಸಿನಲ್ಲಿ ನೀನೊಬ್ಬನೇ, ಅದಕ್ಕೇ ಕಾಯಲು ಕೊಟ್ಟೆ, ಈಗ ಬೆನ್ನ ಹಿಂದಿನ ಮುಚ್ಚಳವನ್ನು ಚೆಲ್ಲದೆ ಬ್ಲೀಚಿನ ಬಾಟಲಿಗೆ ಸುರಿ."