ಬೆಕ್ಕು ಮಣ್ಣು ಕೆದರಿ ಮೂಸುವುದೇಕೆ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳು ಎಲ್ಲಿ ಕೂರಬೇಕೆಂದು ಇನ್ನೂ ಗೊತ್ತುಮಾಡಿಕೊಂಡಿರಲಿಲ್ಲ. ಹೊಳೆ ಇವತ್ತು ಈ ಕಡೆ ಹರಿದರೆ ನಾಳೆ ಆ ಕಡೆ. ನೆಲ, ಗಾಳಿ, ಪ್ರಾಣಿ, ಮನುಷ್ಯ ಎಲ್ಲರೂ ಆಡುತ್ತಿದ್ದುದು ಒಂದೇ ಮಾತು.

ಆಗ ಯಾವ ಪ್ರಾಣಿಯೂ ತನ್ನ ಹೊಲಸನ್ನು ಮುಚ್ಚುತ್ತಿರಲಿಲ್ಲ. ಬೆಕ್ಕೂ ಮುಚ್ಚುತ್ತಿರಲಿಲ್ಲ. ಬಯಲಲ್ಲಿ ಬಿದ್ದದ್ದರ ವಾಸನೆಯನ್ನೆಲ್ಲ ಗಾಳಿ ಎತ್ತಿಕೊಂಡು ಕಾಡೆಲ್ಲ ಹಂಚಿಬರುತ್ತಿತ್ತು. ಯಾರ ಮೇಲೂ ಅದಕ್ಕೆ ಹಗೆಯಿರಲಿಲ್ಲ. ಸಿಕ್ಕಿದ್ದನ್ನು ಹೊತ್ತುಕೊಂಡು ಹೋಗುವುದು ಅದರ ಸ್ವಭಾವ.

ಹೊಳೆಯ ದಂಡೆಯ ಮೇಲೆ ಒಂದೇ ಒಂದು ಮನೆಯಿತ್ತು. ಅದರಲ್ಲಿ ಸಂಕವ್ವ ಎಂಬ ಹೆಂಗಸು, ಅವಳ ಗಂಡ ಈರಭದ್ರ ಇದ್ದರು. ಮಡಕೆ ಮಾಡುವವರು. ಈರಭದ್ರ ತಿಗರಿ ತಿರುಗಿಸುತ್ತಿದ್ದ, ಸಂಕವ್ವ ಮಣ್ಣು ತುಳಿದು ಹದ ಮಾಡುತ್ತಿದ್ದಳು. ಅವನ ಕೈ ಎಷ್ಟು ಚುರುಕೋ ಮೂಗು ಅದಕ್ಕಿಂತ ಚುರುಕು. ಅಂಬಲಿ ಒಂದಿಷ್ಟು ತಳ ಹಿಡಿದರೂ ಅಂಗಳದಿಂದಲೇ ಹೇಳಿಬಿಡುತ್ತಿದ್ದ.

ಮಳೆಗಾಲ ಹಿಡಿದ ದಿನ ಒಂದು ಬೂದು ಬೆಕ್ಕು ಅವರ ಬಾಗಿಲಿಗೆ ಬಂತು. ಬಾಯಲ್ಲಿ ಮರಿ ಇತ್ತು. ಮರಿಯನ್ನು ಸಂಕವ್ವನ ಸೆರಗಿನ ಮೇಲೆ ಇಟ್ಟು, ಮಳೆಯಲ್ಲಿ ಓಡಿಹೋಯಿತು. ಇನ್ನೊಂದು ಮರಿಯನ್ನು ತಂದಿತು. ಮತ್ತೆ ಓಡಿತು, ಮತ್ತೊಂದನ್ನು ತಂದಿತು. ಎಲ್ಲ ಮರಿಗಳೂ ಬಂದ ಮೇಲೆ ಒದ್ದೆ ಮೈಯಲ್ಲಿ ಅವುಗಳ ಪಕ್ಕ ಕುಸಿದು ಕೂತಿತು.

"ನರಿ ಬೆನ್ನು ಹತ್ತಿದೆ, ಅವ್ವ," ಎಂದಿತು. "ಪೊದೆಯಲ್ಲಿದ್ದೆ, ಪತ್ತೆ ಹಚ್ಚಿತು. ಬಂಡೆಯ ಸಂದಿಗೆ ಹೋದೆ, ಅಲ್ಲಿಗೂ ಬಂತು. ನಾನು ಎಲ್ಲಿದ್ದರೂ ಗಾಳಿ ಹೋಗಿ ಹೇಳಿಬಿಡುತ್ತದೆ. ಒಂದು ಮರಿಯನ್ನು ಬಿಟ್ಟುಕೊಟ್ಟೆ. ಇನ್ನು ಕೊಡಲಾರೆ."

ಸಂಕವ್ವ ಸೆರಗಿನಿಂದ ಅದರ ಮೈ ಒರೆಸಿದಳು. "ಇರು ತಾಯಿ, ಇಲ್ಲೇ ಇರು," ಎಂದಳು.

ಬೆಕ್ಕು ಉಳಿಯಿತು. ಆದರೆ ಹೊರಗೆ ಬಿಡದ ಮಳೆ, ಬೆಕ್ಕೂ ಮರಿಗಳೂ ಮೂಲೆ ಮೂಲೆ ಹಿಡಿದವು. ಮನೆ ನಾರತೊಡಗಿತು.

ಈರಭದ್ರ ತಿಗರಿಯ ಮುಂದೆ ಮೂಗು ಮುಚ್ಚಿಕೊಂಡು ಕೂತ. ಒಂದು ಕೈಯಲ್ಲಿ ಮಡಕೆ ಏಳುತ್ತದೆಯೇ? ಎದ್ದ ಮಡಕೆಯೆಲ್ಲ ಸೊಟ್ಟ.

"ಮಡಕೆಗೂ ಅದೇ ವಾಸನೆ, ಅಂಬಲಿಗೂ ಅದೇ ವಾಸನೆ," ಎಂದ. "ನೋಡೇ, ಮಳೆ ಬಿಟ್ಟ ಕೂಡಲೇ ಇದನ್ನು ಸಾಗಹಾಕು."

"ಎಲ್ಲಿಗೆ ಸಾಗಹಾಕಲಿ? ಬಾಗಿಲಿಂದ ಆಚೆ ನೋಡ್ರಿ," ಎಂದಳು ಸಂಕವ್ವ.

ಈರಭದ್ರ ನೋಡಿದ. ಹೊಂಗೆ ಮರದ ಬುಡದಲ್ಲಿ ನರಿ ಕೂತಿತ್ತು. ಮನೆಯ ನಾತವನ್ನು ಗಾಳಿ ಅದರ ಮೂಗಿಗೇ ಮುಟ್ಟಿಸಿತ್ತು. ಮಳೆಗೆ ತೊಯ್ದರೂ ಕದಲದೆ ಬಾಗಿಲನ್ನೇ ದಿಟ್ಟಿಸುತ್ತಿತ್ತು. ಈರಭದ್ರ ಬಾಗಿಲು ಹಾಕಿಕೊಂಡು ಬಂದ.

ಬೆಕ್ಕು ಇದನ್ನೆಲ್ಲ ಕೇಳಿಸಿಕೊಂಡಿತ್ತು. ಅದಕ್ಕೆ ನಾಚಿಕೆಯಾಯಿತು. ಸಾರಿಸಿದ ನೆಲವನ್ನು ಮುಂಗಾಲಿನಿಂದ ಪರಪರ ಕೆರೆಯಿತು. "ನೆಲದವ್ವ, ನೆಲದವ್ವ, ಇದನ್ನು ಒಳಗೆ ತಗೋ," ಎಂದು ಬೇಡಿತು. ನೆಲ ಗಟ್ಟಿಯಾಗಿತ್ತು. ಒಂದು ಚಿಟಿಕೆ ಮಣ್ಣೂ ಮೇಲೇಳಲಿಲ್ಲ.

ಸಂಕವ್ವ ಅದನ್ನು ನೋಡಿದಳು. ತಲೆಯ ಮೇಲೆ ಗೋಣಿ ಹಾಕಿಕೊಂಡು ಮಣ್ಣು ಅಗೆಯುವ ಗುಂಡಿಗೆ ಹೋದಳು. ಅಲ್ಲಿ ಬಾಗಿ, "ನೆಲದವ್ವ, ಕೂಸು ಕರೆದರೆ ಕೇಳಿಸುವುದಿಲ್ಲವೇ?" ಎಂದಳು.

"ಕೇಳಿಸುತ್ತದೆ, ಮಗಳೇ," ಎಂದಿತು ನೆಲ. "ನಿನ್ನ ಮನೆಯೊಳಗೆ ನನ್ನನ್ನು ಬಡಿದು, ಸಾರಿಸಿ, ಬಾಯಿ ಮುಚ್ಚಿಸಿದ್ದೀಯ. ಸಡಿಲವಾಗಿ ಕರೆದುಕೊಂಡು ಹೋಗು. ಒಣಗಿಸಿ ಇಡು. ನನ್ನ ಮೇಲೆ ಬಿದ್ದದ್ದನ್ನು ಯಾರಿಗೂ ಹೇಳದೆ ನುಂಗಿಕೊಳ್ಳುತ್ತೇನೆ. ಮುಚ್ಚುವ ಕೆಲಸ ಮಾತ್ರ ಬೆಕ್ಕೇ ಮಾಡಬೇಕು. ಮುಚ್ಚಿದ ಮೇಲೆ ಬಾಗಿ ನನ್ನನ್ನು ಕೇಳಲಿ, ಸಾಕೋ ಬೇಕೋ ಹೇಳುತ್ತೇನೆ."

ಸಂಕವ್ವ ಮಡಕೆ ಸುಡುವ ಆವಿಗೆಯ ಮಾಡಿನಡಿ ಒಣಗಿ ಉಳಿದಿದ್ದ ಮರಳುಮಣ್ಣನ್ನು ತಂದಳು. ಅದಕ್ಕೆ ತಣ್ಣಗಿನ ಬೂದಿ ಬೆರೆಸಿ ಅಗಲ ಬಾಯಿಯ ಬಾನಿಗೆ ಹರಡಿದಳು. ಬೆಕ್ಕಿನ ಮುಂಗಾಲು ಹಿಡಿದು ಕೆದರುವುದನ್ನು ತೋರಿಸಿದಳು. ಬೆಕ್ಕು ಕೆದರಿತು, ಕೂತಿತು, ಮುಚ್ಚಿತು. ಬಾಗಿ ಮೂಸಿ, "ಸಾಕೇ, ನೆಲದವ್ವ?" ಎಂದು ಕೇಳಿತು.

"ಇನ್ನೊಂದು ಹಿಡಿ," ಎಂದಿತು ಮಣ್ಣು.

ನಾತ ಅರ್ಧ ಇಳಿಯಿತು. ಅರ್ಧ ಉಳಿಯಿತು. ಮರಿಗಳು ಬಾನಿಗೆ ಇಳಿದು ಹಬ್ಬ ಮಾಡಿ ಮಣ್ಣನ್ನೆಲ್ಲ ಹೊರಗೆ ಎರಚಿದವು. ಒಂದು ಮರಿ ಎರಚಿದ್ದು ಬಂದು ಈರಭದ್ರನ ಅಂಬಲಿಗೆ ಬಿತ್ತು.

ಅವನು ಬೈಯುತ್ತಾನೆಂದು ಸಂಕವ್ವ ಕಾದಳು. ಈರಭದ್ರ ಬೈಯಲಿಲ್ಲ. ಅಂಬಲಿಯ ಬಟ್ಟಲನ್ನು ಪಕ್ಕಕ್ಕಿಟ್ಟು ಎದ್ದುಹೋದ. ಸುಡುವಾಗ ಹೊಟ್ಟೆ ಒಡೆದಿದ್ದ ದೊಡ್ಡ ಗುಡಾಣವೊಂದು ಮೂಲೆಯಲ್ಲಿತ್ತು. ಅದನ್ನು ಉರುಳಿಸಿಕೊಂಡು ಬಂದ. ಒಡಕನ್ನು ಬೆಕ್ಕು ನುಸುಳುವಷ್ಟು ಅಗಲ ಮಾಡಿ, ಅಂಚನ್ನು ಕಲ್ಲಿನಿಂದ ಉಜ್ಜಿ ನುಣುಪು ಮಾಡಿದ. ಮಣ್ಣನ್ನು ಒಳಗೆ ಸುರಿದು ಗುಡಾಣದ ಬಾಯಿಗೆ ಮುಚ್ಚಳ ಹಾಕಿ, ಸಂದಿಗೆಲ್ಲ ಜೇಡಿ ಮೆತ್ತಿದ. ಒಡಕಿಗೊಂದು ಗೋಣಿಯ ಪರದೆ ಬಿಟ್ಟ.

"ಕಣ್ಣಿಗೂ ಬೀಳುವುದಿಲ್ಲ, ಮೂಗಿಗೂ ಬೀಳುವುದಿಲ್ಲ," ಎಂದ.

ಬೆಕ್ಕು ಪರದೆ ಸರಿಸಿ ಒಳಗೆ ಹೋಯಿತು. ಮೊದಲ ದಿನ ಸರಿಹೋಯಿತು. ಆಮೇಲೆ ಒಳಗೆ ಹೋದ ಬೆಕ್ಕು ಹೋದ ಹಾಗೆಯೇ ಹೊರಗೆ ಹಾರಿ ಬಂತು. ಕಣ್ಣಲ್ಲಿ ನೀರು.

"ಒಳಗೆ ಉಸಿರು ಕಟ್ಟುತ್ತದೆ, ಅವ್ವ. ನನ್ನ ನಾತ ನನಗೇ ತಡೆಯದು," ಎಂದಿತು. ಗುಡಾಣವನ್ನು ಬಿಟ್ಟು ಮತ್ತೆ ಗಟ್ಟಿ ನೆಲದ ಮೂಲೆಗೆ ಹೋಗಿ ಕೂತಿತು.

ಈರಭದ್ರ ತಲೆ ತಗ್ಗಿಸಿದ. ಹೊಂಗೆ ಮರದ ಕೆಳಗಿನ ನರಿ ಈಗ ಅಂಗಳದ ಬೇಲಿಯವರೆಗೆ ಬಂದಿತ್ತು.

ಸಂಕವ್ವ ಕಿಟಕಿಗೆ ಹೋಗಿ ಗಾಳಿಯನ್ನು ಕರೆದಳು. "ನಿನಗೇನು ಮಾಡಿದ್ದೇವೆ ನಾವು? ಆ ನರಿಗೆ ಯಾಕೆ ಚಾಡಿ ಹೇಳುತ್ತೀಯ?"

ಗಾಳಿ ಕಿಟಕಿಯ ಮೇಲೆ ಬಂದು ಕೂತಿತು. "ಚಾಡಿಯಲ್ಲ, ಸಂಕವ್ವ. ಬಯಲಲ್ಲಿ ರಾಶಿ ಬಿದ್ದರೆ ರಾಶಿಯನ್ನೇ ಹೊರುತ್ತೇನೆ, ಹೊತ್ತದ್ದು ಎಲ್ಲರಿಗೂ ಗೊತ್ತಾಗುತ್ತದೆ. ಈಗ ನೀವು ನನ್ನನ್ನೇ ಹೊರಗಿಟ್ಟು ಮುಚ್ಚಿದ್ದೀರಿ. ಒಳಗಿನದು ಒಳಗೇ ಕೊಳೆಯದೆ ಏನು ಮಾಡುತ್ತದೆ? ಗುಡಾಣದ ಕತ್ತಿನ ಹತ್ತಿರ ಸಣ್ಣ ತೂತುಗಳನ್ನು ಬಿಡಿ. ಎಳೆ ಎಳೆಯಾಗಿ ತೆಗೆದುಕೊಂಡು ಹೊಳೆಯ ಮೇಲೆ ಚೆಲ್ಲಿಬಿಡುತ್ತೇನೆ. ಅಷ್ಟು ತೆಳುವಾದರೆ ನನಗೇ ಗೊತ್ತಾಗುವುದಿಲ್ಲ, ನರಿಗೆಲ್ಲಿ?"

ಗುಡಾಣದೊಳಗಿನ ಮಣ್ಣೂ ಮಾತು ಸೇರಿಸಿತು. "ನನ್ನದೂ ಒಂದು ಮಾತಿದೆ. ನನ್ನ ಹೊಟ್ಟೆಗೂ ಮಿತಿಯಿದೆ. ದಿನಾ ಬೆಳಗ್ಗೆ ಹೆಂಟೆಗಟ್ಟಿದ್ದನ್ನು ತೆಗೆದುಹಾಕು, ಒಣಮಣ್ಣು ಹಾಕು. ನೀನು ಮರೆತರೆ ನಾನು ಮುಚ್ಚಿಟ್ಟೂ ಪ್ರಯೋಜನವಿಲ್ಲ."

"ಮರೆಯುವುದಿಲ್ಲ," ಎಂದಳು ಸಂಕವ್ವ.

ಈರಭದ್ರ ಗುಡಾಣದ ಮುಂದೆ ಕೂತ. ಸುಟ್ಟ ಮಣ್ಣಿಗೆ ತೂತು ಕೊರೆಯುವುದೆಂದರೆ ಸುಮ್ಮನೆ ಅಲ್ಲ. ಜೋರು ಮಾಡಿದರೆ ಗುಡಾಣವೇ ಹೋಳು. ಚೂಪು ಕಲ್ಲು ಹಿಡಿದು, ನೀರು ಹನಿಸುತ್ತ, ಉಸಿರು ಬಿಗಿಹಿಡಿದು ಕೊರೆದ. ಬೆಕ್ಕು ಪಕ್ಕದಲ್ಲೇ ಕೂತು ಅವನ ಕೈಯನ್ನು ನೋಡುತ್ತಿತ್ತು. ಕೊನೆಯ ತೂತು ಬೀಳುವಷ್ಟರಲ್ಲಿ ಅವನ ಹೆಬ್ಬೆರಳ ತೊಗಲು ಕಿತ್ತು ರಕ್ತ ಬಂದಿತ್ತು. ಬೆಕ್ಕು ಹತ್ತಿರ ಸರಿದು ಆ ಬೆರಳನ್ನು ನೆಕ್ಕಿತು. ಅವನು ಕೈ ಹಿಂದೆ ತೆಗೆಯಲಿಲ್ಲ.

ಸಂಕವ್ವ ಹಳೆಯ ಮಣ್ಣನ್ನು ಹಿತ್ತಲ ಬಿದಿರಿನ ಮೆಳೆಯಾಚೆ ಹೂತು, ಹೊಸ ಮಣ್ಣು ತುಂಬಿದಳು. ನೆಲವನ್ನೆಲ್ಲ ತೊಳೆದು ಸಾರಿಸಿದಳು. ಗುಡಾಣವನ್ನು ಕಿಟಕಿಯ ಕೆಳಗೆ ಇಟ್ಟರು. ಬೆಕ್ಕು ಪರದೆಯ ಮುಂದೆ ನಿಂತು ಅನುಮಾನದಿಂದ ಮೂಸಿತು. ಒಳಗೆ ಹೋಯಿತು. ಕೆದರುವ ಸದ್ದು ಕೇಳಿಸಿತು. ಬಹಳ ಹೊತ್ತು ಕೇಳಿಸಿತು. ಆಮೇಲೆ ನಿಧಾನವಾಗಿ, ಮೈ ಕೊಡವಿಕೊಂಡು ಹೊರಗೆ ಬಂತು.

ಅಂದು ಸಂಜೆ ಮಳೆ ನಿಂತಿತು. ನರಿ ಬೇಲಿ ದಾಟಿ ಬಾಗಿಲಿಗೇ ಬಂತು. ಸಂಕವ್ವ ಮರಿಗಳನ್ನು ಮಡಿಲಲ್ಲಿ ತುಂಬಿಕೊಂಡು ಕದದ ಹಿಂದೆ ನಿಂತಳು. ಅವಳ ಎದೆಬಡಿತಕ್ಕೆ ಮರಿಗಳು ಅಲುಗುತ್ತಿದ್ದವು. ಈರಭದ್ರ ಕದಕ್ಕೆ ಹೆಗಲು ಕೊಟ್ಟ.

ನರಿ ಹೊಸ್ತಿಲು ಮೂಸಿತು. ಒಲೆಯ ಹೊಗೆ. ಮತ್ತೆ ಮೂಸಿತು. ಸಗಣಿ ಸಾರಿಸಿದ ನೆಲ. ಕಿಟಕಿಯ ಕೆಳಗೆ ಮೂಸಿತು. ಹಸಿ ಜೇಡಿ, ಬೂದಿ.

"ಗಾಳಿಯಣ್ಣ, ಬೆಕ್ಕು ಎಲ್ಲಿ?" ಎಂದು ಕೇಳಿತು.

"ನನ್ನ ಕೈಗೆ ಇವತ್ತು ಹೇಳುವಂಥದ್ದೇನೂ ಸಿಕ್ಕಿಲ್ಲ," ಎಂದಿತು ಗಾಳಿ. ಅದು ನಿಜವೇ ಆಗಿತ್ತು.

ನರಿ ಅಂಗಳವನ್ನು ಸುತ್ತಿತು. ಆಕಳಿಸಿತು. "ಬೇರೆ ಊರು ಸೇರಿರಬೇಕು," ಎಂದುಕೊಂಡು ಹೊಳೆ ದಾಟಿ ಹೋಯಿತು. ಮತ್ತೆ ಬರಲಿಲ್ಲ.

ಬಿಸಿಲು ಬಿದ್ದ ಮೇಲೆ ಬೆಕ್ಕು ಮರಿಗಳನ್ನು ಕರೆದುಕೊಂಡು ಬಾಗಿಲಿಗೆ ಬಂತು. "ಮಳೆ ಬಿಟ್ಟಿದೆ. ಹೋಗಿ ಬರುತ್ತೇವೆ, ಅವ್ವ," ಎಂದಿತು.

ಸಂಕವ್ವ ಗಂಡನ ಮುಖ ನೋಡಿದಳು. ಈರಭದ್ರ ತಿಗರಿಯಿಂದ ಕಣ್ಣೆತ್ತಲಿಲ್ಲ. "ಗುಡಾಣ ಕೊರೆದು ಬೆರಳ ತೊಗಲು ಕಿತ್ತುಕೊಂಡವನು ನಾನು," ಎಂದ. "ಹೋಗು ಅಂತ ಈಗ ಯಾರು ಹೇಳಿದರು? ಒಳಗೆ ಕರಕೊಳ್ಳೇ, ಬಿಸಿಲಲ್ಲಿ ಮರಿಗಳ ಕಾಲು ಸುಡುತ್ತದೆ."

ಅವನ ಎರಡೂ ಕೈ ಮಣ್ಣಿನ ಮೇಲಿದ್ದವು. ಮಡಕೆ ನೆಟ್ಟಗೆ ಏಳುತ್ತಿತ್ತು.

ಬೆಕ್ಕು ತಿರುಗಿ ಒಳಗೆ ಬಂತು. ಗುಡಾಣದ ಮುಚ್ಚಳದ ಮೇಲೆ ಬಿಸಿಲು ಕಾಯಿಸುತ್ತ ಮಲಗುವುದನ್ನು ರೂಢಿ ಮಾಡಿಕೊಂಡಿತು. ಮರಿಗಳಿಗೆ ಕೆದರುವುದನ್ನು ಕಲಿಸಿತು, ಮುಚ್ಚುವುದನ್ನು ಕಲಿಸಿತು, ಬಾಗಿ ಕೇಳುವುದನ್ನೂ ಕಲಿಸಿತು. ಆ ಮರಿಗಳು ತಮ್ಮ ಮರಿಗಳಿಗೆ ಕಲಿಸಿದವು.

ಅದಕ್ಕೇ ಮಗೂ, ನಮ್ಮ ಮನೆಯ ಬೆಕ್ಕು ಮೂಲೆಯಲ್ಲಿ ಮಣ್ಣು ತುಂಬಿಟ್ಟಿರುವ ಮರದ ಪೆಟ್ಟಿಗೆಯೊಳಗೆ ನುಸುಳಿ ಪರಪರ ಕೆದರುತ್ತದೆ, ಮುಚ್ಚಿ ಬಾಗಿ ಮೂಸುತ್ತದೆ, ಮಣ್ಣು "ಇನ್ನೊಂದು ಹಿಡಿ" ಎಂದಿತೇನೋ ಎಂಬಂತೆ ಮತ್ತೆ ಕೆದರುತ್ತದೆ. ನಾವು ಬೆಳಗ್ಗೆ ಎದ್ದು ಪೆಟ್ಟಿಗೆಯನ್ನು ಚೊಕ್ಕ ಮಾಡುವವರೆಗೂ ನಮ್ಮ ಮುಖವನ್ನೇ ನೋಡುತ್ತ ಕೂತಿರುತ್ತದೆ.